ಜೋಳದ ಕೋಣೆಯ ಎರಡು ಬಾಟಲಿ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮದುವೆಯಾಗಿ ಮುದ್ದೇಬಿಹಾಳದ ನಮ್ಮ ಮನೆಗೆ ಬಂದಾಗ ಅವಳ ಜೊತೆ ಎರಡು ಸೂಟ್‌ಕೇಸು, ಒಂದು ಚೀಲ ಲಿಂಬೆಹಣ್ಣು ಮತ್ತು ಒಂದು ಲ್ಯಾಪ್‌ಟಾಪು ಬಂದವು. ಸೂಟ್‌ಕೇಸಿನ ಸೀರೆಗಳನ್ನು ನೋಡಿ ನನಗೇನೂ ಅನಿಸಲಿಲ್ಲ. ಲಿಂಬೆಹಣ್ಣು ಇಂಡಿ ಊರಿನಲ್ಲಿರುವ ಅವಳ ತವರಿನ ತೋಟದ್ದು. ಅತ್ತೆ ಉಪ್ಪಿನಕಾಯಿ ಹಾಕಿದರು, ನಾನೂ ಬಾಯಿ ಚಪ್ಪರಿಸಿ ತಿಂದೆ. ಆ ಲ್ಯಾಪ್‌ಟಾಪು ಮಾತ್ರ ನನ್ನ ಹೊಟ್ಟೆಗೆ ಕಿಚ್ಚು ಹಚ್ಚಿತು. ಹೊಟ್ಟೆಕಿಚ್ಚು ಅನ್ನುವ ಮಾತನ್ನು ಹೇಳಲು ನನಗೆ ನಾಚಿಕೆಯಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ನನಗೆ ಇದಿದೆ. ಅವರೂ ಬದುಕುತ್ತಾರೆ, ನಾನೂ ಬದುಕುತ್ತೇನೆ.

ನಾನು ಊರಿನ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅವಳು ಓದಿದ್ದೂ ಪ್ರಾಣಿಶಾಸ್ತ್ರವೇ. ಬಂದ ಮರುವರ್ಷ ನಮ್ಮ ಕಾಲೇಜಿನಲ್ಲೇ, ನನ್ನ ವಿಭಾಗದಲ್ಲೇ ಅವಳಿಗೆ ಕೆಲಸ ಸಿಕ್ಕಿತು. ಮನೆಯಲ್ಲಿ ಒಲೆಯ ಮುಂದೆಯೂ ಅವಳೇ, ಕಾಲೇಜಿನಲ್ಲಿ ಪಕ್ಕದ ಕುರ್ಚಿಯಲ್ಲೂ ಅವಳೇ. ಬೇರೆಯವರಿಗೆ ನೆಗೆಣ್ಣಿಯ ಕಾಟ ಮನೆಗಷ್ಟೇ ಇರುತ್ತದೆ. ಅವರು ಹೊರಗೆ ಹೋದಾಗಲಾದರೂ ಉಸಿರು ಬಿಡುತ್ತಾರೆ. ನನಗೆ ಆಟೋ ಕೂಡ ಒಂದೇ ಆಗಿತ್ತು.

ಕಾಟ ಅಂದರೆ ಅವಳು ಕೆಟ್ಟವಳೆಂದಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು! ಜಗಳ ಮಾಡಬಹುದಿತ್ತು, ಮಾತು ಬಿಡಬಹುದಿತ್ತು. ಅವಳು ಮೆಲ್ಲಗೆ ಮಾತಾಡುತ್ತಿದ್ದಳು, ಕೇಳುವ ಮೊದಲೇ ಪಾತ್ರೆ ತೊಳೆದಿಡುತ್ತಿದ್ದಳು, ನನ್ನನ್ನು 'ಅಕ್ಕಾ' ಅಂದು ಬಹುವಚನದಲ್ಲಿ ಕರೆಯುತ್ತಿದ್ದಳು. ಅತ್ತೆಗೆ ಅವಳೆಂದರೆ ಅಂಗೈಯಲ್ಲಿಟ್ಟುಕೊಂಡ ಹಾಗೆ. ಮೊದಲ ಬಿಸಿ ರೊಟ್ಟಿ ಅವಳ ತಾಟಿಗೆ. ಮನೆಯಲ್ಲಿದ್ದ ಒಂದೇ ಒಂದು ತಾಮ್ರದ ತಂಬಿಗೆಯ ನೀರು ಅವಳಿಗೆ. ಅವಳನ್ನು ಕರೆಯುವಾಗ 'ತಂಗಿ', ನನ್ನನ್ನು ಕರೆಯುವಾಗ 'ಏ ಖೋಡಿ', ಅಂದರೆ ಕೆಲಸಕ್ಕೆ ಬಾರದವಳೇ. ಹಾಲು ಉಕ್ಕಿದರೆ ಖೋಡಿ, ನಲ್ಲಿ ನಿಲ್ಲಿಸುವುದು ಮರೆತರೆ ಖೋಡಿ, ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಖೋಡಿ. ನಾನು ಎರಡು ಮಕ್ಕಳ ತಾಯಿ, ನನ್ನನ್ನು ಕಂಡರೆ ಎದ್ದು ನಿಲ್ಲುವ ವಿದ್ಯಾರ್ಥಿಗಳಿದ್ದಾರೆ, ಆದರೂ ಹಿತ್ತಿಲಿನಿಂದ ಆ ಕೂಗು ಬಂದರೆ ಹೋಗಿ ನಿಲ್ಲುತ್ತಿದ್ದೆ.

ಮನೆಯಲ್ಲಿ ಸೋತರೂ ಕಾಲೇಜಿನಲ್ಲಿ ನನ್ನದೊಂದು ಜಾಗವಿತ್ತು. ನನ್ನ ಕೈಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ಸಿಂದಗಿಯ ಸಾಲೆಯಲ್ಲಿ ಓದುವಾಗಿನಿಂದಲೂ ಹಾಗೆ. ಪ್ಯಾರಾಮೀಸಿಯಂ ಅನ್ನುವ ಒಂದೇ ಕೋಶದ ಜೀವಿಯನ್ನು ನಾನು ಬೋರ್ಡಿನ ಮೇಲೆ ಬರೆದರೆ, ಅದರ ಚಪ್ಪಲಿಯಾಕಾರ, ಮೈಸುತ್ತಲಿನ ಸಣ್ಣ ಸಣ್ಣ ರೋಮ, ಒಳಗಿನ ಎಲ್ಲ ಕೋಣೆಗಳು ಒಂದೇ ಗೆರೆಯಲ್ಲಿ ಮೂಡುತ್ತಿದ್ದವು. ಮುಂದಿನ ತಾಸಿನವರು ಬಂದು ಅಳಿಸಲು ಮನಸ್ಸಾಗದೆ ಬೋರ್ಡಿನ ಮೂಲೆಯಲ್ಲಿ ಬರೆದು ಪಾಠ ಮುಗಿಸಿದ್ದುಂಟು.

ಅವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ಮೈಕ್ರೋಸ್ಕೋಪಿನ ಕಣ್ಣಿಗೆ ತನ್ನ ಮೊಬೈಲನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದಳು. ಹನಿ ನೀರಿನಲ್ಲಿ ಓಡಾಡುತ್ತಿದ್ದ ಪ್ಯಾರಾಮೀಸಿಯಂಗಳನ್ನು ವಿಡಿಯೋ ಮಾಡಿ, ಲ್ಯಾಪ್‌ಟಾಪಿಗೆ ಹಾಕಿ, ಪ್ರಯೋಗಾಲಯದ ಗೋಡೆಯ ಮೇಲೆ ಬಿಟ್ಟಳು. ನನ್ನ ಚಿತ್ರ ಆಗ ಬೋರ್ಡಿನ ಮೇಲೆ ಇನ್ನೂ ಹಸಿಯಾಗಿತ್ತು. ಇಡೀ ತರಗತಿ ಅದಕ್ಕೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿತು. ನಾನು ಬರೆದದ್ದು ನಿಂತಲ್ಲೇ ನಿಂತಿತ್ತು, ಅವಳದು ಓಡುತ್ತಿತ್ತು.

ಓಡಿದ್ದಷ್ಟೇ ಆಗಿದ್ದರೆ ಸಿನಿಮಾ ಎಂದು ತಳ್ಳಿಹಾಕುತ್ತಿದ್ದೆ. ಅವಳು ಆ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಬಿಡಿಸಿದಳು. ಪ್ರತಿ ಚಿತ್ರವನ್ನೂ ಕಪ್ಪು-ಬಿಳುಪು ಮಾಡಿದಳು. ನೀರೆಲ್ಲ ಕಪ್ಪು, ಜೀವಿಗಳೆಲ್ಲ ಬಿಳಿಯ ಚುಕ್ಕೆ. ಹಿಂದಿನ ಚಿತ್ರದ ಚುಕ್ಕೆ ಮುಂದಿನ ಚಿತ್ರದಲ್ಲಿ ಎಲ್ಲಿಗೆ ಹೋಯಿತು ಅನ್ನುವುದನ್ನು ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹುಡುಕಿ, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆಯಿತು. ಒಂದೊಂದು ಜೀವಿಗೆ ಒಂದೊಂದು ಬಣ್ಣದ ಗೆರೆ. ಯಾವುದು ಎಷ್ಟು ಜೋರಾಗಿ ಓಡಿತು, ಎಲ್ಲಿ ತಿರುಗಿತು, ಎಲ್ಲಿ ಹಿಂದೆ ಸರಿದು ಮತ್ತೆ ಹೊರಟಿತು, ಎಲ್ಲವೂ ಅಂಕಿಯಾಗಿ ಕೆಳಗೆ ಬಂತು.

ನಮ್ಮಪ್ಪ ಸಿಂದಗಿ ಕಡೆ ಕುರಿ ಮೇಯಿಸಿದವನು. ದಾರಿಯಲ್ಲಿ ಎರಡು ಹಿಂಡು ಎದುರಾಗಿ ಕಲೆತರೆ, ಬೇರೆಯಾಗುವಾಗ ಯಾವ ಕುರಿ ಯಾರದು ಎಂದು ಬೆನ್ನಿನ ಮೇಲಿನ ಬಣ್ಣ ನೋಡಿ ಹೇಳುತ್ತಾರೆ. ಈ ಸಾಫ್ಟ್‌ವೇರಿಗೆ ಅಂಥ ಬಣ್ಣವಿಲ್ಲ. ಎರಡು ಚುಕ್ಕೆಗಳು ಒಂದನ್ನೊಂದು ದಾಟಿದರೆ ಇದರ ಗೆರೆಯನ್ನು ಅದಕ್ಕೆ, ಅದರದನ್ನು ಇದಕ್ಕೆ ಅಂಟಿಸಿಬಿಡುತ್ತದೆ. ಅವಳು ಅಂಥ ಜಾಗಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿ ಸರಿಪಡಿಸುತ್ತ ಕೂರುತ್ತಿದ್ದಳು. ಆ ತಾಳ್ಮೆ ನನಗಿರಬೇಕಿತ್ತು ಎಂದು ನಾನು ಹಲ್ಲು ಕಚ್ಚಿದ್ದೇನೆ.

ಹೀಗಿರುವಾಗ ಪುಣೆಯ ಒಂದು ಸಂಶೋಧನಾ ಸಂಸ್ಥೆಯಿಂದ ನಮ್ಮ ಕಾಲೇಜಿಗೆ ಕರೆ ಬಂತು. ಜೀವಕೋಶಗಳ ಚಲನೆಯನ್ನು ಚಿತ್ರಗಳಿಂದ ಅಳೆಯುವುದನ್ನು ಕಲಿಸುವ ಒಂದು ತಿಂಗಳ ತರಬೇತಿ. ಕಾಲೇಜಿಗೆ ಒಂದೇ ಸೀಟು. ಹೋಗಿ ಕಲಿತು ಬಂದವರ ಸುಪರ್ದಿಗೆ ಕ್ಯಾಮೆರಾ ಇರುವ ಒಳ್ಳೆಯ ಮೈಕ್ರೋಸ್ಕೋಪನ್ನೂ ಕೊಡುತ್ತಾರಂತೆ. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು.

"ನೀವಿಬ್ಬರೂ ಒಂದ ಮನ್ಯಾಗ ಇರ್ತೀರಿ ಮೇಡಂ. ಕುಂತು ಮಾತಾಡ್ಕೊಂಡು ಒಂದ ಹೆಸರ ಹೇಳ್ರಿ. ನನ್ನ ತಲಿನೋವ ತಪ್ಪತೈತಿ," ಎಂದರು.

ಒಂದೇ ಮನೆಯಲ್ಲಿರುವವರು ಕೂತು ಮಾತಾಡಿ ತೀರ್ಮಾನಕ್ಕೆ ಬರುತ್ತಾರೆ ಎಂದು ನಂಬುವ ಆ ಮನುಷ್ಯನ ಮನೆಯಲ್ಲಿ ಎಷ್ಟು ಜನರಿದ್ದಾರೋ ನನಗೆ ತಿಳಿಯದು.

ಆ ಸೀಟು ನನಗೆ ಎಷ್ಟು ಬೇಕಿತ್ತು ಎಂದು ಹೇಳಿಬಿಡುತ್ತೇನೆ. ಎಂ.ಎಸ್ಸಿ. ಆದ ಮೇಲೆ ಸಂಶೋಧನೆಗೆ ಹೆಸರು ಹಚ್ಚಿದ್ದೆ. ಮದುವೆ, ಬಸಿರು, ಬಾಣಂತನ, ಮತ್ತೆ ಬಸಿರು. ಹಚ್ಚಿದ ಹೆಸರು ಹಾಗೇ ಒಣಗಿಹೋಯಿತು. ನಿಜವಾದ ಸಂಶೋಧನಾಲಯದ ಒಳಗೆ ನಾನು ಒಂದು ದಿನವೂ ಕೆಲಸ ಮಾಡಿಲ್ಲ. ಒಂದು ತಿಂಗಳು ಬೆಳಗಾಗೆದ್ದು ರೊಟ್ಟಿ ಬಡಿಯದೆ, ಯಾರ ಟಿಫಿನ್ನನ್ನೂ ಕಟ್ಟದೆ, ಸೀದಾ ಮೈಕ್ರೋಸ್ಕೋಪಿನ ಮುಂದೆ ಹೋಗಿ ಕೂರುವುದನ್ನು ನೆನೆಸಿಕೊಳ್ಳುತ್ತ ಹಂಚಿನ ಮೇಲೆ ರೊಟ್ಟಿ ಸೀಯಲು ಬಿಟ್ಟದ್ದುಂಟು. ಅವಳಿಗೆ ವಯಸ್ಸಿದೆ, ಇಂಥ ಸೀಟುಗಳು ಮುಂದೆ ಹತ್ತು ಬರುತ್ತವೆ. ನನಗೆ ಇದೊಂದೇ.

ಅದನ್ನು ಅವಳೂ ಬಲ್ಲಳು ಅಂತ ಕಾಣುತ್ತದೆ. ಮನೆಗೆ ಬರುವಾಗ ಆಟೋದಲ್ಲಿ ಹೇಳಿದಳು, "ನೀವ ಹೋಗಿ ಬರ್ರಿ ಅಕ್ಕಾ. ನಾ ಮುಂದಿನ ಸಲ ಹೋಗ್ತೇನಿ."

ನನಗೆ ಮೈಯೆಲ್ಲ ಉರಿಯಿತು. ಅವಳು ಬಿಟ್ಟುಕೊಟ್ಟು ನಾನು ಹೋಗಬೇಕೆ? ಹೋದರೂ ಜನ ಏನೆನ್ನುತ್ತಾರೆ, ಪಾಪ ಹಿರಿಯಳು ಅಂತ ಬಿಟ್ಟುಕೊಟ್ಟಳು ಎನ್ನುತ್ತಾರೆ. "ಏನೂ ಬ್ಯಾಡವಾ. ಇಬ್ಬರೂ ಮಾಡಿ ತೋರಸೂಣು. ಯಾರದು ಚಲೋ ಐತಿ ಅವರು ಹೋಗ್ಲಿ," ಎಂದೆ. ಪ್ರಿನ್ಸಿಪಾಲರಿಗೂ ಅದೇ ಅನುಕೂಲವಾಯಿತು. ಯುಗಾದಿ ಮುಗಿದ ವಾರ ಹೊರಗಿನಿಂದ ಒಬ್ಬ ಪ್ರಾಧ್ಯಾಪಕರು ಬಂದು ನಮ್ಮಿಬ್ಬರ ಕೆಲಸ ನೋಡಿ ಒಂದು ಹೆಸರು ಹೇಳುವುದು ಎಂದಾಯಿತು.

ಪ್ಯಾರಾಮೀಸಿಯಂ ಬೆಳೆಸುವುದು ದೊಡ್ಡ ಕೆಲಸವಲ್ಲ. ನಾನು ಜೋಳದ ಕಣಿಕೆಯನ್ನು, ಅಂದರೆ ಒಣಗಿದ ದಂಟನ್ನು, ಸಣ್ಣಗೆ ಕತ್ತರಿಸಿ, ನೀರಿನಲ್ಲಿ ಕುದಿಸಿ, ಆರಿಸಿ, ಅದಕ್ಕೆ ಒಂದಿಷ್ಟು ಕೆರೆಯ ನೀರು ಬೆರೆಸುತ್ತೇನೆ. ನಮ್ಮ ಸೀಮೆಯಲ್ಲಿ ಕಣಿಕೆಗೆ ಬರವೇ? ಕೆಲವು ದಿನ ಬಿಟ್ಟರೆ ಮೇಲೆ ಪೊರೆ ಕಟ್ಟುತ್ತದೆ, ಕೊಳೆತ ನಾತ ಬರುತ್ತದೆ, ಆಗ ಅದರಲ್ಲಿ ಜೀವ ಗಿಜಿಗುಡುತ್ತದೆ ಎಂದು ತಿಳಿಯಬೇಕು. ಕಾಲೇಜಿನ ಪ್ರಯೋಗಾಲಯಕ್ಕೆ ತಗಡಿನ ಮಾಡು; ಬೇಸಿಗೆಯಲ್ಲಿ ಅಲ್ಲಿಟ್ಟರೆ ಎಲ್ಲ ಬೆಂದುಹೋಗುತ್ತವೆ. ನಮ್ಮ ಹಳೆಯ ಮನೆಯಲ್ಲಿ ಜೋಳದ ಚೀಲ ಇಡುವ ಒಂದು ಕೋಣೆಯಿದೆ, ದಪ್ಪ ಮಣ್ಣಿನ ಗೋಡೆ, ಒಂದು ಗವಾಕ್ಷಿ, ಹೊರಗೆ ಬೆಂಕಿ ಸುರಿದರೂ ಒಳಗೆ ತಂಪು. ಅಲ್ಲಿ ಒಂದು ಹಲಗೆಯ ಮೇಲೆ ಇಬ್ಬರೂ ನಮ್ಮ ನಮ್ಮ ಬಾಟಲಿ ಇಟ್ಟೆವು. ನನ್ನದು ಹಳೆಯ ಉಪ್ಪಿನಕಾಯಿ ಬಾಟಲಿ. ಅವಳದು ಪ್ರಯೋಗಾಲಯದ ಸೀಸೆ, ಬಾಯಿಗೆ ಹತ್ತಿ, ಮೈಗೆ ಚೀಟಿ, ಚೀಟಿಯ ಮೇಲೆ ಮುತ್ತಿನಂಥ ಅಕ್ಷರ. ಅಕ್ಷರ ಕೂಡ ನನಗಿಂತ ಚಂದ.

ಸಾಫ್ಟ್‌ವೇರನ್ನು ಅವಳ ಹತ್ತಿರ ಕಲಿಯಲು ನನಗೆ ಮನಸ್ಸಾಗಲಿಲ್ಲ. ಮೊಬೈಲಿನಲ್ಲಿ ನೋಡಿ ನೋಡಿ ಕಲಿತೆ. ಮಕ್ಕಳ ಹಳೆಯ ಕಂಪ್ಯೂಟರು ಪ್ರತಿಯೊಂದಕ್ಕೂ ಮುನಿಸಿಕೊಳ್ಳುತ್ತಿತ್ತು. ಕಪ್ಪು-ಬಿಳುಪಿನ ಹದ ಸಿಗುವುದೇ ಕಷ್ಟ. ಸ್ವಲ್ಪ ಆಚೆ ಹೋದರೆ ಜೀವಿಗಳೂ ಮಾಯ, ಸ್ವಲ್ಪ ಈಚೆ ಬಂದರೆ ಕಸವೂ ಜೀವಿ. ಒಮ್ಮೆ ಒಂದು ಚುಕ್ಕೆ ಉಳಿದೆಲ್ಲವನ್ನೂ ಮೀರಿಸಿ ಓಡಿತು. ನಾನು ಹಿಗ್ಗಿ ಹೀರೇಕಾಯಾಗಿ ಇಡೀ ದಿನ ಅದರ ವೇಗವನ್ನೇ ನೆನೆಯುತ್ತಿದ್ದೆ. ಸಂಜೆ ವಿಡಿಯೋ ನಿಧಾನ ಮಾಡಿ ನೋಡಿದರೆ ಅದು ಗಾಳಿಯ ಗುಳ್ಳೆ. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಯುಗಾದಿಗೆ ಇನ್ನೂ ಕೆಲವು ದಿನವಿತ್ತು. ಒಂದು ಸಂಜೆ ಅವಳು ಪಡಸಾಲೆಯಲ್ಲಿ ಲ್ಯಾಪ್‌ಟಾಪು ತೆರೆದು ತನ್ನ ಹೊಸ ಗೆರೆಗಳನ್ನು ಮನೆಮಂದಿಗೆಲ್ಲ ತೋರಿಸಿದಳು. ಕಪ್ಪು ಪರದೆಯ ಮೇಲೆ ಕೆಂಪು, ಹಳದಿ, ಹಸಿರು, ನೀಲಿ. ಅತ್ತೆ, "ರಂಗೋಲಿ ಹಾಕಿದಂಗ ಐತಿ ನೋಡವಾ," ಎಂದರು. ನನ್ನ ಗಂಡ ಕೂಡ ಟಿವಿ ಬಿಟ್ಟು ಎದ್ದು ಬಂದ. "ಏನ ಚಂದ ಬಂದೈತಿ! ನೀನೂ ಈಕಿ ಕಡೆ ಒಂದೀಟ ಕಲ್ಕೊ," ಎಂದು ನನ್ನ ಕಡೆ ತಿರುಗಿ ಹೇಳಿದ. ಆ ಮನುಷ್ಯನಿಗೆ ಯಾವ ಮಾತನ್ನು ಯಾವಾಗ ಆಡಬಾರದು ಎಂಬುದು ಮದುವೆಯ ದಿನದಿಂದಲೂ ತಿಳಿದಿಲ್ಲ.

ನಾನು ಆ ಗೆರೆಗಳನ್ನೇ ನೋಡುತ್ತ ಕೂತೆ. ಅವಳ ಕೆಲಸವನ್ನು ನನ್ನಷ್ಟು ಕಣ್ಣಿಟ್ಟು ನೋಡುವವರು ಈ ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಮೆಚ್ಚಿದವರು ಒಂದು ಸಲ ನೋಡಿ ತೃಪ್ತರಾಗುತ್ತಾರೆ. ನಾನು ತಪ್ಪು ಸಿಗುವ ತನಕ ನೋಡುತ್ತೇನೆ. ಸಿಕ್ಕಿತು. ಗೆರೆಗಳು ಎಷ್ಟೇ ಸುತ್ತಿ ಬಳಸಿದರೂ ಕೊನೆಗೆ ಎಲ್ಲವೂ ಎಡಗಡೆಗೆ ವಾಲಿದ್ದವು. ಅಷ್ಟೊಂದು ಜೀವಿಗಳಿಗೆ ಒಂದೇ ಸಲಕ್ಕೆ ಎಡಗಡೆ ಏನು ಕೆಲಸ? ನಮ್ಮ ಬೇಸಿಗೆಯ ಒಣ ಗಾಳಿಗೆ ಸ್ಲೈಡಿನ ಮೇಲೆ ಮುಚ್ಚಿದ ತೆಳು ಗಾಜಿನ ಅಂಚಿನಲ್ಲಿ ನೀರು ಆರುತ್ತದೆ. ಆರಿದ ಕಡೆಗೆ ಒಳಗಿನ ನೀರು ಮೆಲ್ಲಗೆ ಹರಿಯುತ್ತದೆ, ಜೀವಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಅವಳು ಅಳೆದಿದ್ದು ಜೀವಿಗಳ ಓಟದ ಜೊತೆ ನೀರಿನ ಹರಿವನ್ನೂ.

"ಇದರಾಗ ಅರ್ಧ ಓಟ ನೀರಿಂದು," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಎಲ್ಲಾ ಒಂದ ಕಡೆ ಹೊಂಟಾವ ನೋಡು. ಅಂಚಿನಾಗ ನೀರ ಆರೈತಿ."

ನನ್ನ ಎದೆಯಲ್ಲಿ ತಂಪು ಹರಿಯಿತು. ಅವಳು ಪರದೆಯನ್ನು ನೋಡಿದಳು, ಮತ್ತೆ ನೋಡಿದಳು, ಮುಖ ಅರಳಿಸಿಕೊಂಡು ನನ್ನ ಕಡೆ ತಿರುಗಿದಳು. "ಅಯ್ಯ, ಹೌದಲ್ರಿ ಅಕ್ಕಾ! ನಾ ಗಮನಿಸೇ ಇಲ್ಲ. ಹೆಂಗ ತಡೀಬೇಕ್ರಿ ಇದನ್ನ?"

ಈಗ ನಾನೇನು ಮಾಡಲಿ? ಎಲ್ಲರ ಮುಂದೆ ಗೊತ್ತಿದೆ ಎಂದವಳು ಅದೇ ಬಾಯಲ್ಲಿ ಹೇಳಲ್ಲ ಎನ್ನಲು ಬರುತ್ತದೆಯೆ? ಅಂಚಿಗೆ ಸುತ್ತಲೂ ವ್ಯಾಸಲೀನು ಬಳಿ ಎಂದೆ. ಮರುದಿನವೇ ಬಳಿದಳು. ಗೆರೆಗಳು ಎಲ್ಲ ದಿಕ್ಕಿಗೂ ಹೂವಿನ ಹಾಗೆ ಬಿಚ್ಚಿಕೊಂಡವು. ಅವಳ ಕೆಲಸದಲ್ಲಿ ಉಳಿದಿದ್ದ ಒಂದೇ ಕೊರತೆಯನ್ನು ನಾನೇ ತೆಗೆದುಕೊಟ್ಟಿದ್ದೆ. ಆ ದಿನ ಜೋಳದ ಹಿಟ್ಟನ್ನು ನಾನು ನಾದಿದ ರೀತಿ ನೋಡಿ ಅತ್ತೆ, "ಏ ಖೋಡಿ, ಹಿಟ್ಟೇನ ಮಾಡೇತಿ ನಿನಗ?" ಎಂದರು.

ಆದರೂ ನನ್ನ ಬಳಿ ಒಂದು ಒಳ್ಳೆಯ ಯೋಚನೆಯಿತ್ತು. ಕೋಣೆಯ ತಂಪಿನಲ್ಲಿ ಓಡುವ ಕೋಶ ಹೇಗೆ ಓಡುತ್ತದೆ, ನಮ್ಮ ಮಾಳಿಗೆಯ ನಡುಹಗಲಿನ ಸೆಕೆಯಲ್ಲಿ ಹೇಗೆ ಓಡುತ್ತದೆ, ಎರಡನ್ನೂ ಒಟ್ಟಿಗೆ ತೋರಿಸುವುದು. ಬಿಸಿಲಿನ ಊರಿನವಳು ಬಿಸಿಲನ್ನೇ ಅಳೆದು ತೋರಿಸಿದರೆ ಹೊರಗಿನ ಪ್ರಾಧ್ಯಾಪಕರಿಗೂ ಹಿಡಿಸುತ್ತದೆ ಎಂದು ನನಗೆ ಖಾತ್ರಿಯಿತ್ತು. ನನ್ನ ಬಾಟಲಿ ಅದಕ್ಕೆ ತಕ್ಕ ಹದಕ್ಕೆ ಬಂದಿತ್ತು, ಒಂದು ಹನಿಯಲ್ಲಿ ಸಂತೆಯಷ್ಟು ಜೀವ. ಹಬ್ಬ ಮುಗಿಸಿ ವಿಡಿಯೋ ಮಾಡಿದರಾಯಿತು ಎಂದುಕೊಂಡೆ.

ಹಬ್ಬದ ಹಿಂದಿನ ದಿನ ನಮ್ಮ ಮನೆಯಲ್ಲಿ ಗುಡಿಸಿ ಸಾರಿಸುವ ಗದ್ದಲ. ಅತ್ತೆ ಮೂಲೆ ಮೂಲೆಯಿಂದ ಹಳತನ್ನು ಹೊರಗೆ ಹಾಕುತ್ತಾರೆ. ಹಳಸಿದ್ದು, ಕೊಳೆತದ್ದು, ಮೂರು ದಿನದ ನೀರು, ಏನೂ ಮನೆಯಲ್ಲಿ ಉಳಿದು ಹೊಸ ವರ್ಷಕ್ಕೆ ದಾಟಬಾರದು. ನಾನು ಪೇಟೆಯಿಂದ ಬೇವು-ಬೆಲ್ಲದ ಸಾಮಾನು ತಂದು ಒಳಗೆ ಕಾಲಿಟ್ಟರೆ ನನ್ನ ಉಪ್ಪಿನಕಾಯಿ ಬಾಟಲಿ ತೊಳೆದು, ಬಟ್ಟೆಯಿಂದ ಒರೆಸಿ, ಅಂಗಳದ ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ನಾನು ಕೋಣೆಗೆ ಓಡಿದೆ. ಹಲಗೆ ಸಾರಿಸಿ ರಂಗೋಲಿ ಎಳೆ ಎಳೆದಿದ್ದರು. ಅದರ ಪಕ್ಕದಲ್ಲಿ ಅವಳ ಸೀಸೆ, ಹತ್ತಿ, ಚೀಟಿ, ಮುತ್ತಿನಂಥ ಅಕ್ಷರ, ಎಲ್ಲವೂ ಇದ್ದ ಹಾಗೇ ಇದ್ದವು.

"ಅತ್ತೀ! ನನ್ನ ಬಾಟ್ಲಿ ಯಾಕ ಚೆಲ್ಲಿದ್ರಿ?" ನನ್ನ ದನಿ ಬೀದಿಗೆ ಕೇಳಿಸಿರಬೇಕು.

"ಹೊಲಸ ನಾರಾಕತ್ತಿತ್ತು, ಚೆಲ್ಲೇನಿ. ಹಬ್ಬದ ದಿನಾ ಮನ್ಯಾಗ ಕೊಳತ ನೀರ ಇಟ್ಕೊಂಡು ಕುಂದ್ರಬೇಕೇನ?"

"ಆಕಿದೂ ಅದ ನೀರ ಅಲ್ಲೇನ್ರಿ? ಆಕಿದ್ಯಾಕ ಇಟ್ರಿ ಮತ್ತ?"

ಅತ್ತೆ ಕಸಬರಿಗೆ ಕೆಳಗಿಟ್ಟು ನನ್ನನ್ನು ನೋಡಿದರು. ಇಷ್ಟೂ ತಿಳಿಯದವಳೇ ಎಂಬ ನೋಟ. "ನಿಂದಂತ ಚೆಲ್ಲೇನಿ. ಆಕಿದು ಕೇಳದ ಹೆಂಗ ಮುಟ್ಟಾಕ ಬರತೈತಿ?"

ಕಿರಿಯ ಸೊಸೆಯ ಕೊಳೆತ ನೀರಿಗೂ ಮರ್ಯಾದೆ, ನನ್ನ ತಿಂಗಳ ಕೆಲಸ ಚರಂಡಿಗೆ. ಹೊಸದಾಗಿ ಬೆಳೆಸಲು ದಿನವಿರಲಿಲ್ಲ. ಗಂಡ ಬಂದು, "ಹೋಗ್ಲಿ ಬಿಡು, ಮತ್ತ ಮಾಡಿದರಾತು," ಎಂದು ಸಮಾಧಾನ ಹೇಳಿದ. ಅವನಿಗೆ ಉತ್ತರ ಕೊಡುವಷ್ಟು ಮರ್ಯಾದೆ ನನ್ನ ಬಾಯಲ್ಲಿ ಉಳಿದಿರಲಿಲ್ಲ. ಜೋಳದ ಚೀಲಗಳ ನಡುವೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಳು ಎನ್ನುವುದಕ್ಕಿಂತ ಅದು ಸಿಟ್ಟು.

ಮಧ್ಯಾಹ್ನ ಅತ್ತೆ ಒಂದಿಷ್ಟು ಕಣ್ಣು ಮುಚ್ಚಿದ ಹೊತ್ತಿಗೆ ಅವಳು ಬಂದಳು. ಕೈಯಲ್ಲಿ ತೊಳೆದಿಟ್ಟಿದ್ದ ನನ್ನ ಬಾಟಲಿ. ತನ್ನ ಸೀಸೆಯ ಹತ್ತಿ ತೆಗೆದು, ಗವಾಕ್ಷಿಯ ಬೆಳಕಿಗೆ ಹಿಡಿದು, ಅರ್ಧ ನೀರನ್ನು ಮೆಲ್ಲಗೆ ನನ್ನ ಬಾಟಲಿಗೆ ಸುರಿಯತೊಡಗಿದಳು.

"ನನಗ ಬ್ಯಾಡ," ಎಂದೆ. "ನಿಂದ ನಿನಗಿರ್ಲಿ. ನಿನಗೇನವಾ, ನಿನ್ನ ಸಾಮಾನ ಈ ಮನ್ಯಾಗ ಯಾರೂ ಮುಟ್ಟಂಗಿಲ್ಲ. ಅತ್ತಿ ನಿನ್ನ ತಲಿಮ್ಯಾಲ ಇಟ್ಕೊಂಡಾರ."

"ಹೌದ್ರಿ, ಯಾರೂ ಮುಟ್ಟಂಗಿಲ್ಲ," ಎಂದಳು. ಸುರಿಯುವುದನ್ನು ನಿಲ್ಲಿಸಲಿಲ್ಲ, ಆದರೆ ದನಿ ಬೇರೆಯಾಗಿತ್ತು. "ಮುಂಜಾನಿ ಅತ್ತಿ ನನ್ನ ಕಡೆ ಬಂದಿದ್ರು ಅಕ್ಕಾ. 'ತಂಗಿ, ನಿನ್ನ ಸೀಸಾ ಒಂಚೂರು ಸರಿಸಿದ್ರ ನಡೀತೈತೇನ' ಅಂತ ಕೇಳಿದ್ರು. ಸರಿಸಾಕ ಕೇಳಿದ್ರು! ನಿಮ್ಮದು ಚೆಲ್ಲತಾರಂತ ನನಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ನನಗ ಏನ ಅನಿಸ್ತು ಹೇಳ್ಲೇನ್ರಿ? ನನ್ನದೂ ಚೆಲ್ಲಬೇಕಾಗಿತ್ತು ಅನಿಸ್ತು."

ನಾನು ಸೆರಗು ಸರಿಸಿ ಅವಳ ಮುಖ ನೋಡಿದೆ.

"ಲಗ್ನಾಗಿ ಇಷ್ಟ ದಿನಾ ಆದ್ರೂ ನಾ ಇಲ್ಲೆ ಬೀಗರ ಮಂದಿ ಇದ್ದಂಗ ಅದೇನಿ. ಬಿಸಿ ರೊಟ್ಟಿ ಕೊಡ್ತಾರ, ತಾಮ್ರದ ತಂಬಿಗ್ಯಾಗ ನೀರ ಕೊಡ್ತಾರ. ನಿಮಗ ಖೋಡಿ ಅಂತಾರ. ನನಗ ಒಂದ ದಿನಾನೂ ಅಂದಿಲ್ರಿ ಅಕ್ಕಾ."

ಅವಳ ಕಣ್ಣು ತುಂಬಿತ್ತು. ನಾನು ಕರಗಿದೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ಆದರೆ ನಾನು ಕರಗಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ನನ್ನ ಮೇಲೂ ಹೊಟ್ಟೆಕಿಚ್ಚು ಪಡುವವರಿದ್ದಾರೆ! ಅದೂ ಇವಳು! ಇಷ್ಟು ದಿನ ನಾನು ಅವಮಾನ ಎಂದುಕೊಂಡಿದ್ದನ್ನು ಇವಳು ಒಡವೆಯ ಹಾಗೆ ದೂರದಿಂದ ನೋಡುತ್ತಿದ್ದಳು. ಆ ಖುಷಿಯಲ್ಲೇ ನಾನು ಬಾಟಲಿ ತೆಗೆದುಕೊಂಡೆ. ದಾನ ಬೇಡ ಎಂದಿದ್ದವಳು ತೆಗೆದುಕೊಂಡೆ, ಏಕೆಂದರೆ ಈಗ ನನ್ನ ಬಳಿಯೂ ಅವಳಿಗಿಲ್ಲದ್ದು ಒಂದಿತ್ತು.

ಹಬ್ಬದ ಮರುವಾರ ಪ್ರಾಧ್ಯಾಪಕರು ಬಂದರು. ಸಣ್ಣ ಮೈಕಟ್ಟಿನ, ಮಾತು ಕಡಿಮೆಯ ಮನುಷ್ಯ. ನನ್ನದು ಮೊದಲು. ತಂಪಿನಲ್ಲಿ ಓಡಿದ ಗೆರೆಗಳು, ಸೆಕೆಯಲ್ಲಿ ಓಡಿದ ಗೆರೆಗಳು, ಎರಡರ ವೇಗ, ಎಲ್ಲ ತೋರಿಸಿದೆ. ಸೆಕೆ ಏರಿದಂತೆ ಓಟ ಏರಿ, ಒಂದು ಹಂತ ದಾಟಿದ ಮೇಲೆ ಜೀವಿಗಳು ದಿಕ್ಕುಗೆಟ್ಟು ಗಿರಗಿರ ತಿರುಗಿದ್ದು ಚೆನ್ನಾಗಿ ಮೂಡಿತ್ತು. ಅವರು ತಲೆಯಾಡಿಸಿದರು. "ಅಚ್ಚುಕಟ್ಟಾಗಿದೆ," ಎಂದರು. ಅಚ್ಚುಕಟ್ಟು ಅನ್ನುವ ಮಾತು ಕೇಳಿದೊಡನೆ ನನಗೆ ಅನುಮಾನವಾಯಿತು. ಬಹಳ ಇಷ್ಟವಾದದ್ದನ್ನು ಯಾರೂ ಅಚ್ಚುಕಟ್ಟು ಎನ್ನುವುದಿಲ್ಲ.

ಅವಳು ತನ್ನ ತವರಿನ ಲಿಂಬೆಹಣ್ಣು ತಂದಿದ್ದಳು. ರಸವನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಅದರಲ್ಲಿ ಒಂದು ನೂಲಿನ ತುಣುಕು ಅದ್ದಿ, ಜೀವಿಗಳಿದ್ದ ಹನಿಯ ನಡುವೆ ಇಟ್ಟು ವಿಡಿಯೋ ಮಾಡಿದ್ದಳು. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ಎಲ್ಲ ಕಡೆಯಿಂದಲೂ ಜೀವಿಗಳು ನೂಲಿನ ಕಡೆಗೆ ಬಂದವು. ಆದರೆ ಮುಟ್ಟಲಿಲ್ಲ. ಹುಳಿ ಹೆಚ್ಚಾದ ಕಡೆ ಗಕ್ಕನೆ ಹಿಂದೆ ಸರಿದು, ಹುಳಿ ಇಲ್ಲದ ಕಡೆಗೂ ಹೋಗದೆ, ಅಷ್ಟು ದೂರದಲ್ಲೇ ಸುತ್ತುತ್ತ ಉಳಿದವು. ನೋಡನೋಡುತ್ತ ಬಣ್ಣದ ಗೆರೆಗಳೆಲ್ಲ ಸೇರಿ ನೂಲಿನ ಸುತ್ತ ಒಂದು ಬಳೆಯಾಯಿತು. ನಡುವೆ ಖಾಲಿ ಕಪ್ಪು.

ಪ್ರಾಧ್ಯಾಪಕರು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋದರು. "ಇದು ಹಳೆಯ ಪುಸ್ತಕಗಳಲ್ಲಿರುವ ವಿಷಯವೇ. ಆದರೆ ಒಂದೊಂದು ಕೋಶದ ದಾರಿಯನ್ನೂ ಮೊಬೈಲಿನಲ್ಲಿ ಹೀಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಅಂಚಿನ ಹರಿವನ್ನು ಹೇಗೆ ತಡೆದಿರಿ?"

"ಅದು ನಮ್ಮಕ್ಕ ಹೇಳಿಕೊಟ್ಟಿದ್ರಿ ಸರ್," ಎಂದು ಅವಳು ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ನನ್ನನ್ನು ನೋಡಿ ನಕ್ಕರು, ಪ್ರಿನ್ಸಿಪಾಲರು ಚಪ್ಪಾಳೆ ಕೂಡ ತಟ್ಟಿದರು. ಸೋಲುವುದು ಸಾಲದೆಂಬಂತೆ ಸೋಲಿನ ಮೇಲೆ ಹಾರ ಬೇರೆ. ನಾನೂ ಹಲ್ಲು ಬಿಟ್ಟೆ. ಸೀಟು ಅವಳಿಗಾಯಿತು. ಆ ಬಳೆಯನ್ನು ನಾನು ಮನೆಗೆ ಬಂದ ಮೇಲೂ ಕಣ್ಣಿನಿಂದ ಅಳಿಸಲಾಗಲಿಲ್ಲ, ಅಷ್ಟು ಚೆಲುವಾಗಿತ್ತು. ನನಗೇಕೆ ಅದು ಹೊಳೆಯಲಿಲ್ಲ? ಅದೇ ಅಡುಗೆಮನೆ, ಅದೇ ಲಿಂಬೆಹಣ್ಣು, ಕಡೆಗೆ ಬಾಟಲಿಯ ನೀರು ಕೂಡ ಅದೇ.

ಒಂದೇ ಒಂದು ಸಮಾಧಾನ ಹಿಡಿದುಕೊಂಡು ದಿನ ದೂಡಿದೆ. ಅವಳ ತಾಟಿಗೆ ಅತ್ತೆ ಮೊದಲ ರೊಟ್ಟಿ ಹಾಕಿದಾಗಲೆಲ್ಲ ನಾನು ಅವಳ ಮುಖ ನೋಡುತ್ತಿದ್ದೆ. ಹಿತ್ತಿಲಿನಿಂದ "ಏ ಖೋಡಿ!" ಎಂದು ಕೂಗು ಬಂದರೆ ಬೇಕೆಂದೇ ಸಾವಕಾಶವಾಗಿ, ಅವಳೆದುರು ಹಾದು, "ಬಂದೆರಿ ಅತ್ತೀ," ಎಂದು ರಾಗವಾಗಿ ಹೇಳುತ್ತ ಹೋಗುತ್ತಿದ್ದೆ. ಮೈಕ್ರೋಸ್ಕೋಪು ನಿನಗಿರಲಿ, ಇದು ನನ್ನದು.

ಅವಳು ಹೊರಡುವ ದಿನ ಬಂತು. ಬಸವನ ಬಾಗೇವಾಡಿಯ ಮೇಲೆ ವಿಜಯಪುರಕ್ಕೆ ಹೋಗುವ ಬಸ್ಸು ಹಿಡಿದು, ಅಲ್ಲಿಂದ ಮುಂದೆ ರೈಲು. ತರಬೇತಿಗೆ ಬರುವವರು ತಮ್ಮ ಜೀವಿಗಳನ್ನು ತಾವೇ ತರಬೇಕು ಎಂದು ಸಂಸ್ಥೆಯವರು ಹೇಳಿದ್ದರು. ಅವಳು ತನ್ನ ಸೀಸೆಯನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟಿದ್ದಳು. ಆಟೋ ಬಾಗಿಲಿಗೆ ಬಂದಿತ್ತು. ಅತ್ತೆ ಹಿಂದಿನ ದಿನವೆಲ್ಲ ಕೂತು ಬಡಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಅವಳ ಕೈಗೆ ಕೊಟ್ಟಿದ್ದರು. ಅವಳು ಅವನ್ನೂ ಅದೇ ಬ್ಯಾಗಿಗೆ ತುರುಕಿದ್ದಳು. ಕಡೆಗಳಿಗೆಯಲ್ಲಿ ಅತ್ತೆಗೆ ಶೇಂಗಾ ಹೋಳಿಗೆ ನೆನಪಾಯಿತು. ಒಳಗೆ ಹೋಗಿ ತಂದರು. ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅತ್ತೆ ಅವಸರದಲ್ಲಿ, ಹೇಳದೆ ಕೇಳದೆ, ತಾವೇ ಅವಳ ಬ್ಯಾಗಿನ ಜಿಪ್ಪು ಸರ್ರನೆ ಎಳೆದರು.

ಎಳೆದವರು ಮೂಗು ಮುಚ್ಚಿಕೊಂಡರು. ಸೀಸೆಯ ಹತ್ತಿ ಜಾರಿ ಟವೆಲು ಒದ್ದೆಯಾಗಿತ್ತು, ರೊಟ್ಟಿಯ ಗಂಟಿನ ಅಂಚಿಗೂ ತಾಗಿತ್ತು.

"ಏ ಖೋಡಿ!"

ನಾನು ಅಭ್ಯಾಸದಂತೆ, "ಏನ್ರಿ ಅತ್ತೀ," ಎಂದು ಮುಂದೆ ಬಂದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ರೊಟ್ಟಿ ಮಗ್ಗಲಕ ಈ ಹೊಲಸ ನೀರ ಇಡ್ತೀಯೇನ? ಇಷ್ಟ ಕಲ್ತೀ, ಇದೀಟ ತಿಳಿಯಂಗಿಲ್ಲ ನಿನಗ? ದಾರ್ಯಾಗ ಏನ ತಿಂತಿದ್ದಿ, ಮಣ್ಣ? ಖೋಡಿ, ಖೋಡಿ, ಬುದ್ಧಿಗೇಡಿ!" ಬೈಯುತ್ತಲೇ ಸೀಸೆಯನ್ನು ಹೊರಗೆಳೆದು ಅಂಗಳದ ದಾಸವಾಳದ ಬುಡಕ್ಕೆ ಗಳಗಳ ಸುರಿದರು. ಟವೆಲು ಒಂದು ಕಡೆ ಎಸೆದರು. ಅವಳ ಬಟ್ಟೆಗಳನ್ನೆಲ್ಲ ಕಟ್ಟೆಯ ಮೇಲೆ ಹರವಿ, ಒದ್ದೆಯಾದದ್ದನ್ನು ಬೇರೆ ಮಾಡಿ, ಮಡಿಚಿ ಮಡಿಚಿ ತುಂಬತೊಡಗಿದರು. ಬಾಯಿ ನಿಲ್ಲಲೇ ಇಲ್ಲ.

ಅವಳ ಕೈ ತಡೆಯಲು ಚಾಚಿದ್ದು ಗಾಳಿಯಲ್ಲೇ ನಿಂತಿತು. ಪುಣೆಗೆ ಹೋಗಬೇಕಿದ್ದ ಜೀವಿಗಳೆಲ್ಲ ದಾಸವಾಳದ ಮಣ್ಣಿಗೆ ಇಂಗುತ್ತಿದ್ದವು. ಅವಳು ಆ ಕಡೆ ಒಂದು ಸಲ ನೋಡಿದಳು, ಅಷ್ಟೇ. ಆಮೇಲೆ ಅತ್ತೆಯ ಪಕ್ಕದಲ್ಲಿ ಮೊಣಕಾಲೂರಿ ಕೂತಳು. "ತಪ್ಪಾತ್ರಿ ಅತ್ತೀ," ಎಂದಳು. "ಹೌದ್ರಿ ಅತ್ತೀ." ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಒಂದೇ ಮುಖದ ಮೇಲಿದ್ದವು.

ನಾನು ಜೋಳದ ಕೋಣೆಗೆ ಹೋದೆ. ಹಲಗೆಯ ಮೇಲೆ ನನ್ನ ಉಪ್ಪಿನಕಾಯಿ ಬಾಟಲಿಯಿತ್ತು, ಅವಳೇ ಅಂದು ಸುರಿದುಕೊಟ್ಟ ಅರ್ಧ. ಕಣಿಕೆ ಹಾಕಿ ನಾನು ಅದನ್ನು ಜೀವಂತ ಇಟ್ಟಿದ್ದೆ. ಕೊಡದೆ ಇದ್ದರೆ ಅವಳು ಬರಿಗೈಯಲ್ಲಿ ಹೋಗುತ್ತಾಳೆ ಎಂಬ ಯೋಚನೆ ಬರಲಿಲ್ಲ ಎಂದಲ್ಲ, ಬಂತು, ಹೋಯಿತು. ಮುಚ್ಚಳ ಬಿಗಿಯಾಗಿ ತಿರುವಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹೊರಗೆ ತಂದೆ.

ಅಂಗಳದಲ್ಲಿ ಬೈಗುಳ ಇನ್ನೂ ನಡೆದಿತ್ತು. ಅವಳ ತಲೆಗೊಂದು ಮೊಟಕಿ, ಜಾರಿದ ಸೆರಗನ್ನು ಅತ್ತೆ ತಾವೇ ಎಳೆದು ಸರಿಮಾಡಿ, ಮತ್ತೆ ಬೈದರು. ನಾನು ಬಾಟಲಿ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಿದ್ದೆ. ಆ ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಸೀಟು ಹೋದ ದಿನ ಕೂಡ ನನಗೆ ಇಷ್ಟು ಉರಿದಿರಲಿಲ್ಲ. ಖೋಡಿ ಅನ್ನುವ ಆ ಮಾತು ಈ ಮನೆಯಲ್ಲಿ ನನ್ನೊಬ್ಬಳದಾಗಿತ್ತು. ಅವರು ಬೈದು ಮುಗಿಸುವ ತನಕ ನಾನು ಅಲ್ಲೇ ಕಾದೆ.